ನೀರುಕಾಗೆಯನ್ನೂ ಎಣಿಸು ಮಾರಾಯಾ

ಪ್ರೀತಿಯ ಗೆಳೆಯಾ,

ಸೋಂದೆಯ ಮುಂಡಿಗೆಕೆರೆಯಲ್ಲಿ ನೀನು ಬರೆದುಕೊಂಡ ಹಕ್ಕಿಗಳ ಪಟ್ಟಿ ತಲುಪಿತು. ಬೆಳ್ಳಕ್ಕಿಗೂ ಲೆಕ್ಕ ಇದೆ. ನೀರುಕಾಗೆಯ ಮುಂದೆ ಮಾತ್ರ 'ತುಂಬಾ ಇವೆ' ಅಂತ ಬರೆದು ಬಿಟ್ಟಿದ್ದೀಯ. ಅದು ನನಗೆ ಸರಿ ಕಾಣಲಿಲ್ಲ.

ಇಲ್ಲಿ ಕಾರವಾರದಲ್ಲೂ ಅವುಗಳನ್ನು ಯಾರೂ ನಿಂತು ನೋಡುವುದಿಲ್ಲ. ಕಾಳಿ ನದಿಯ ಅಳಿವೆಯಲ್ಲಿ ಬಲೆಯ ಗೂಟಗಳ ಮೇಲೆ ರೆಕ್ಕೆ ಹರಡಿಕೊಂಡು ಕೂತಿರುತ್ತವೆ. ಗರಿ ಒದ್ದೆಯಾಗುವುದರಿಂದಲೇ ಅವು ಮೀನಿನ ಹಿಂದೆ ಸಲೀಸಾಗಿ ಮುಳುಗುತ್ತವೆ. ಮೇಲೆ ಬಂದು ಒಣಗಿಸಿಕೊಳ್ಳುತ್ತವೆ. ನಮ್ಮ ಸಣ್ಣ ನೀರುಕಾಗೆಯ ತೂಕ ಅರ್ಧ ಕಿಲೋ ಆಸುಪಾಸು. ದೋಣಿ ಹತ್ತಿರ ಬಂದರೆ ಹಾರಿ ಆಚೆ ದಡ ಸೇರುತ್ತವೆ.

ಇದೇ ಕುಟುಂಬದಲ್ಲಿ ಇನ್ನೊಂದು ಹಕ್ಕಿ ಇತ್ತು. ಕನ್ನಡಕದ ನೀರುಕಾಗೆ. ಕಣ್ಣಿನ ಸುತ್ತ ಬಿಳಿ ಚರ್ಮ, ಸುಮಾರು ಆರು ಕಿಲೋ ಮೈ, ಅದಕ್ಕೆ ತೀರಾ ಸಣ್ಣ ರೆಕ್ಕೆ. 1741ರಲ್ಲಿ ರಷ್ಯಾದ ಪರವಾಗಿ ಸಮುದ್ರ ಶೋಧನೆಗೆ ಹೊರಟಿದ್ದ ವಿಟಸ್ ಬೆರಿಂಗ್ ಅವರ ಹಡಗು ರಷ್ಯಾದ ಪೂರ್ವ ತುದಿಯ ಕಮ್ಚಟ್ಕಾದ ಆಚೆ ಜನರಿಲ್ಲದ ದ್ವೀಪವೊಂದರಲ್ಲಿ ಸಿಕ್ಕಿಹಾಕಿಕೊಂಡಿತು. ಬೆರಿಂಗ್ ಅಲ್ಲೇ ತೀರಿಕೊಂಡರು. ಜೊತೆಗಿದ್ದ ಗಿಯೋರ್ಗ್ ಸ್ಟೆಲ್ಲರ್ ಈ ಹಕ್ಕಿಯನ್ನು ನೋಡಿ ಬರೆದಿಟ್ಟರು. ಹಸಿದ ಮೂವರಿಗೆ ಒಂದೇ ಹಕ್ಕಿ ಸಾಕಾಗುತ್ತಿತ್ತಂತೆ. ಅದನ್ನು ಜೀವಂತವಾಗಿ ಕಂಡ ಪ್ರಕೃತಿ ವಿಜ್ಞಾನಿ ಅವರೊಬ್ಬರೇ!

ಆಮೇಲೆ ತುಪ್ಪಳದ ವ್ಯಾಪಾರಕ್ಕೆ ಜನ ಬಂದರು, ನೆಲೆಸಿದರು. 1850ರ ಹೊತ್ತಿಗೆ ಹಕ್ಕಿ ಮುಗಿದುಹೋಯಿತು. 1882ರಲ್ಲಿ ಪ್ರಾಣಿ ವಿಜ್ಞಾನಿ ಲಿಯೊನಾರ್ಡ್ ಸ್ಟೆಯ್ನೆಗರ್ ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಊರವರ ನೆನಪು ಮತ್ತು ಒಂದಿಷ್ಟು ಮೂಳೆ. 2018ರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಜಪಾನಿನಲ್ಲಿ ಸಿಕ್ಕಿದ್ದ, ಸುಮಾರು 1,20,000 ವರ್ಷ ಹಳೆಯ ಮೂಳೆಗಳೂ ಇದೇ ಹಕ್ಕಿಯವು. ಅಷ್ಟು ದೂರ ಹರಡಿದ್ದು ಕೊನೆಗೆ ಬೆರಳೆಣಿಕೆಯ ದ್ವೀಪಗಳಿಗೆ ಇಳಿದಿತ್ತು.

ಹಸಿದು ಕೊಂದವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಸ್ಟೆಲ್ಲರ್ ನಂತರದ ನೂರು ವರ್ಷ ಯಾರೂ ಕೂತು ಅದನ್ನು ಗಮನಿಸಲಿಲ್ಲವಲ್ಲ, ಅದು ಹೊಟ್ಟೆ ಉರಿಸುತ್ತದೆ.

ನಮ್ಮದಕ್ಕೆ ಹಾರುವ ರೆಕ್ಕೆ ಇದೆ. ಕೆರೆ, ಹೊಳೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಅಳಿವೆಯ ಕಾಂಡ್ಲಾ ಕಾಡು ಅಂತ ಹೋಗಲು ಜಾಗಗಳೂ ಇವೆ. ಆದರೆ ಮುಂಡಿಗೆಕೆರೆಯಲ್ಲಿ ಅವು ಕಡಿಮೆಯಾದರೆ 'ತುಂಬಾ ಇವೆ' ಅನ್ನುವ ಸಾಲಿನಿಂದ ಹೇಗೆ ತಿಳಿಯಬೇಕು, ಹೇಳು?

ಬಿಡುವು ಮಾಡಿಕೊಂಡು ಕುಮಟಾಕ್ಕೆ ಬಾ. ಅಘನಾಶಿನಿಯ ಗಜನಿ ದಂಡೆಯಲ್ಲಿ ಬೆಳಿಗ್ಗೆಯೇ ಎಣಿಸಲು ಶುರುಮಾಡೋಣ. ನಿನ್ನ ಬೈನಾಕ್ಯುಲರ್ ತಾ, ನನ್ನದರ ಒಂದು ಗಾಜು ಮಬ್ಬಾಗಿದೆ.

ನಿನ್ನ ಗೆಳೆಯ