ಕೇಪಿನ ಕೋವಿಯ ಈಡಿಗೆ ಇನ್ನು ಬೆರಳಳತೆ ಇಲ್ಲ

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ಈ ಸಲದ ಕೈಲ್‌ಪೊಳ್ದ್‌ನಿಂದ (ಕೊಡವರ ಆಯುಧಪೂಜೆಯ ಹಬ್ಬ) ನಮ್ಮ ಅಂಗಡಿಯಲ್ಲಿ ಕೇಪಿನ ಕೋವಿಗೆ, ಅಂದರೆ ಬಾಯಿಂದ ಮದ್ದು ತುಂಬಿ ಕೇಪು ಸಿಡಿಸಿ ಹೊಡೆಯುವ ಕೋವಿಗೆ, ‘ಇಷ್ಟು ಬೆರಳು ಈಡು (ಒಂದು ಹೊಡೆತಕ್ಕೆ ತುಂಬುವ ಮದ್ದುಗುಂಡು) ಹಾಕಿ’ ಎಂದು ಹೇಳಿಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಬದಲಿಗೆ ಪ್ರತಿ ಕೋವಿಯ ನಳಿಗೆ ನೋಡಿ, ಅದಕ್ಕೆ ತಕ್ಕ ಹಿತ್ತಾಳೆಯ ಅಳತೆ ಬಟ್ಟಲು ಕೊಡುತ್ತೇವೆ. ಅದಕ್ಕೆ ಬೇರೆ ದುಡ್ಡಿಲ್ಲ.

ಈಡು ಜಡಿದ ಮೇಲೆ ಗಜ (ಈಡು ಜಡಿಯುವ ಉದ್ದ ಕೋಲು) ನಳಿಗೆಯ ಬಾಯಿಂದ ಎಷ್ಟು ಬೆರಳು ಹೊರಗೆ ನಿಲ್ಲುತ್ತದೆ ಎಂಬುದೇ ಅಜ್ಜಂದಿರ ಲೆಕ್ಕ. ಆದರೆ ನಾಲ್ಕು ಬೆರಳು ಎಂದರೆ ಅದರೊಳಗೆ ಮದ್ದು, ಕತ್ತ (ತೆಂಗಿನ ನಾರು), ಚರೆ (ಸೀಸದ ಸಣ್ಣ ಗುಂಡುಗಳು) ಮೂರೂ ಸೇರಿರುತ್ತವೆ. ಕತ್ತ ಸಡಿಲವಾಗಿ ತುರುಕಿದವರ ಈಡಿನಲ್ಲಿ ಮದ್ದು ಕಡಿಮೆ, ಗಟ್ಟಿಯಾಗಿ ಜಡಿದವರದರಲ್ಲಿ ಜಾಸ್ತಿ. ಬೆರಳಿನ ದಪ್ಪವೂ ಎಲ್ಲರಿಗೂ ಒಂದೇ ಅಲ್ಲವಲ್ಲ!

12 ಬೋರಿನ (ಬೋರ್ ಎಂದರೆ ನಳಿಗೆಯ ಒಳಗಲದ ಅಳತೆ) ಗಟ್ಟಿ ನಳಿಗೆಗೆ ಸುಮಾರು 5 ಗ್ರಾಂ ಕರಿಮದ್ದು ಹಿಡಿಯುವ ಅಳತೆ ಸಾಕು. ಮದ್ದು ಸುರಿದು, ದಪ್ಪ ರಟ್ಟಿನ ಬಿಲ್ಲೆಯನ್ನು ಮದ್ದಿಗೆ ತಾಗುವಂತೆ ಕೂರಿಸಿ, ಅದೇ ಅಳತೆ ತುಂಬ ಚರೆ ಹಾಕಿ. ತೂಗಿದರೆ 30 ಗ್ರಾಂ ಆಸುಪಾಸು ಬರುತ್ತದೆ. ಮೇಲೆ ತೆಳು ಬಿಲ್ಲೆ. ಮದ್ದು ಹೆಚ್ಚಿಸಿದರೆ ಏಟು ಜೋರು ಎಂದು ನಂಬಿದವರು ಒಮ್ಮೆ ಮೂವತ್ತು ಹೆಜ್ಜೆ ದೂರದಲ್ಲಿ ಹಳೇ ಪೇಪರ್ ಕಟ್ಟಿ ಹೊಡೆದು ನೋಡಿ. ಚರೆ ಸುತ್ತ ಚೆದುರಿ, ನಡುವೆ ಖಾಲಿ ಬಿಟ್ಟಿರುತ್ತದೆ. ಸವೆದ ನಾಡಕೋವಿಗಳಿಗೆ ಅಳತೆ ಇನ್ನೂ ಸಣ್ಣದು. ಕೆಲವಕ್ಕೆ ಕೊಡುವುದೇ ಇಲ್ಲ, ಗೋಡೆಗೆ ತೂಗುಹಾಕಿ ಎನ್ನುತ್ತೇವೆ. ತೋಟೆ (ಕಾರ್ಟ್ರಿಡ್ಜ್) ಬಿಚ್ಚಿ ತೆಗೆದ ಮದ್ದನ್ನು ಮಾತ್ರ ಚಿಟಿಕೆಯಷ್ಟೂ ಹಾಕಬೇಡಿ, ನಳಿಗೆ ಸಿಡಿಯುತ್ತದೆ.

ಮಂಗ ಓಡಿಸಲು ಸದ್ದು ಸಾಕೆನ್ನುವವರಿಗೆ ಚರೆ ಬೇಡ. ಮದ್ದು, ಮೇಲೆ ಬಿಗಿಯಾದ ಬಿಲ್ಲೆ, ಅಷ್ಟೇ. ಕತ್ತ ಕಿಡಿ ಹಿಡಿದು ಹಾರಿ ಬೇಸಿಗೆಯ ಒಣಹುಲ್ಲಿಗೆ ಬೀಳುತ್ತದೆ, ಹಾಗಾಗಿ ಅದನ್ನು ಬಿಡುವುದೇ ವಾಸಿ. ‘ಹಂದಿಗೆ ಎಷ್ಟು?’ ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಸಿಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯ ಅನುಮತಿಪತ್ರ ತಂದರೆ ಮಾತಾಡೋಣ.

ಹಾಗೆಂದು ಗಜದ ಕೆಲಸ ಮುಗಿಯಲಿಲ್ಲ. ಅದರ ಮೇಲೆ ಎರಡು ಗೀರು ಹಾಕಿಕೊಡುತ್ತೇವೆ: ಒಂದು ಖಾಲಿ ನಳಿಗೆಗೆ, ಇನ್ನೊಂದು ಈಡು ತುಂಬಿದ್ದಕ್ಕೆ. ತುಂಬುವ ಮುಂಚೆ ಗಜ ಇಳಿಸಿ ನೋಡಿದರೆ ಈಡಿನ ಮೇಲೆ ಈಡು ಬೀಳುವುದಿಲ್ಲ. ಹಬ್ಬದ ದಿನ ನಳಿಗೆಯ ಬಾಯಿಗೆ ಸಿಕ್ಕಿಸಿದ ತೋಕ್ ಪೂ (ಕೋವಿ ಹೂ) ಒಳಗೆ ಜಾರಿದ್ದರೆ ಅದೂ ಗೊತ್ತಾಗುತ್ತದೆ.

ಅಳತೆಗೆ ಬರುವಾಗ ಲೈಸೆನ್ಸ್ ಅಥವಾ ವಿನಾಯಿತಿ ಪತ್ರ, ಗಜ, ಕೋವಿ ಮೂರನ್ನೂ ತನ್ನಿ. ಕೇಪು ತೆಗೆದು, ಈಡು ಖಾಲಿ ಮಾಡಿಯೇ ಮನೆಯಿಂದ ಹೊರಡಿ. ಭಾನುವಾರ ರಜೆ.

ಇಂತಿ,
ನಿಮ್ಮ ಕೋವಿ ಅಂಗಡಿಯವರು, ಮಡಿಕೇರಿ