ಹಪ್ಪಳಕ್ಕೆ ಕೂರುವ ಮೊದಲು ಕೆಲಸ ಹಂಚು

ಉಡುಪಿ
ಮೇ ಮೊದಲ ವಾರ

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ರಜೆಗೆ ಅಣ್ಣ, ಅತ್ತಿಗೆ, ಮಕ್ಕಳು ಮಂಗಳೂರಿನಿಂದ ಬರುತ್ತಾರೆ, ಈ ಸಲ ಹಲಸಿನ ಹಪ್ಪಳ ಮಾಡುವುದು ಅಂತ ಬರೆದಿದ್ದೀಯ. ಒಳ್ಳೆಯದೇ. ಆದರೆ "ಎಲ್ಲರೂ ಸೇರಿ ಮಾಡೋಣ" ಅಂತ ಹೇಳಿ ಬಿಟ್ಟರೆ ಕೊನೆಗೆ ಮಾಡುವವಳು ನಿನ್ನ ಅಮ್ಮ ಒಬ್ಬಳೇ, ಉಳಿದವರು ಹಿಟ್ಟಿನ ರುಚಿ ನೋಡುವವರು. ಹಿಂದಿನ ರಾತ್ರಿ ಊಟಕ್ಕೆ ಕೂತಾಗಲೇ ಯಾರಿಗೆ ಯಾವ ಕೆಲಸ ಅಂತ ಹೆಸರು ಹಿಡಿದು ಹೇಳು.

ನೀನೂ ಅಣ್ಣನೂ ಬೆಳಿಗ್ಗೆ 6ಕ್ಕೆ ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿ ಕೂರಿ. ಹಲಸಿನ ನಡುವಿನ ಗೂಂಜು ತೆಗೆದು, ಅಂಟುವ ಮೇಣ ಒರೆಸಿ, ಸೊಳೆ (ತೊಳೆ) ಬಿಡಿಸುವಷ್ಟರಲ್ಲಿ ಎರಡು ಗಂಟೆ ಹೋಗುತ್ತದೆ. 9ಕ್ಕೆ ಎದ್ದು ಶುರು ಮಾಡಿದರೆ ಹಿಟ್ಟು ಸಿದ್ಧವಾಗುವಾಗ ಮಧ್ಯಾಹ್ನ, ಆಮೇಲೆ ಮೋಡ. ಮೊದಲ ದಿನಕ್ಕೆ ಎರಡೇ ಕಾಯಿ ಸಾಕು. ಕಾಯಿ ಬಲಿತಿರಬೇಕು, ಸೊಳೆ ಸಿಹಿಯಾಗಿರಬಾರದು. ಸಿಹಿ ಬಂದದ್ದರ ಹಪ್ಪಳ ಎಣ್ಣೆಗೆ ಬಿಟ್ಟ ಕೂಡಲೇ ಕೆಂಪಾಗಿ ಕರಟುತ್ತದೆ. ಅದನ್ನು ಬೇರೆ ಇಡಲು ಹೇಳುವವಳು ಅಮ್ಮ, ಅಲ್ಲಿ ಚರ್ಚೆ ಬೇಡ.

ಉಪ್ಪು ಹಾಕುವವರೂ ಒಬ್ಬರೇ ಇರಲಿ. ಇಬ್ಬರು ಹಾಕಿದರೆ ಏನಾಗುತ್ತದೆ ಅಂತ ಗೊತ್ತಲ್ಲ ಮಾರಾಯ. ಒಂದು ಕಿಲೋ ಸೊಳೆಗೆ ಎರಡು ಟೀ ಚಮಚ ಮೀರಬಾರದು. ಹಿಟ್ಟಿನಲ್ಲಿ ಸಪ್ಪೆ ಅನ್ನಿಸಿದರೂ ಒಣಗಿದ ಮೇಲೆ ಸರಿಯಾಗುತ್ತದೆ. ಒಣಮೆಣಸು ಹತ್ತು ಹನ್ನೆರಡು, ಕೊತ್ತಂಬರಿ ಬೀಜ ಒಂದು ದೊಡ್ಡ ಚಮಚ.

ನಿಜವಾದ ಪೇಚು ಬೇಯಿಸಿದ ಮೇಲೆ. ಹಬೆಯಲ್ಲಿ ಬೆಂದ ಸೊಳೆಯನ್ನು ಬಿಸಿ ಇರುವಾಗಲೇ, ನೀರು ಸೋಕಿಸದೆ ರುಬ್ಬಬೇಕು. ತಣಿದರೆ ಹಿಟ್ಟು ಬಿರುಸಾಗಿ, ಒತ್ತುವಾಗ ಅಂಚು ಸೀಳುತ್ತದೆ. ನುಣ್ಣಗಾಗಲಿ ಅಂತ ನೀರು ಹಾಕಿದರೆ ಒಣಗುವುದೇ ಇಲ್ಲ. ಬೇಯಿಸುವವರು ರುಬ್ಬುವವರಿಗಿಂತ ಮುಂದೆ ಓಡಬಾರದು, ರುಬ್ಬುವವರು ಒತ್ತುವವರಿಗಿಂತ ಮುಂದೆ ಓಡಬಾರದು. ಎಲ್ಲಕ್ಕಿಂತ ನಿಧಾನದ ಕೆಲಸ ಒತ್ತುವುದು, ಹಾಗಾಗಿ ಎಂಟು ಜನ ಇದ್ದರೆ ಮೂವರನ್ನು ಅಲ್ಲಿಗೇ ಹಾಕು. ಸೊಳೆ ಬಿಡಿಸಿ ಮುಗಿದ ಮೇಲೆ ನೀವಿಬ್ಬರೂ ಅಲ್ಲಿಗೇ ಹೋಗಿ, ಮೊಬೈಲ್ ಹಿಡಿದು ಜಗಲಿಗಲ್ಲ. ನಿಂಬೆ ಗಾತ್ರದ ಉಂಡೆ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಒತ್ತಿದರಾಯಿತು. ಅತ್ತಿಗೆಯ ಹಪ್ಪಳ ಉರುಟು ಬಾರದಿದ್ದರೆ ನಗಬೇಡಿ, ತೆಗೆದು ಮತ್ತೆ ಒತ್ತಲೂ ಬೇಡಿ. ಮುಂದಿನ ವರ್ಷ ಆಕೆ ಆ ಕಡೆ ತಿರುಗಿಯೂ ನೋಡಲಾರಳು. ಎಣ್ಣೆಯಲ್ಲಿ ಅರಳಿದ ಮೇಲೆ ಯಾವುದು ಉರುಟು, ಯಾವುದು ಸೊಟ್ಟ ಅಂತ ಯಾರು ನೋಡುತ್ತಾರೆ?

ಚಾಪೆಯ ಮೇಲೆ ಹರಡುವುದು, ಕಾಗೆ ಓಡಿಸುವುದು ಮಕ್ಕಳ ಪಾಲು. ಅರ್ಧ ಗಂಟೆಗೊಮ್ಮೆ ಬದಲಾಯಿಸು, ಇಲ್ಲದಿದ್ದರೆ ಕಾಗೆಯೂ ಇಲ್ಲ, ಮಕ್ಕಳೂ ಇಲ್ಲ. ಅಜ್ಜನನ್ನು "ನೀವು ಸುಮ್ಮನಿರಿ" ಅನ್ನಬೇಡ. ಜಗಲಿಯಲ್ಲಿ ಕುರ್ಚಿ ಹಾಕಿ ಮೋಡ ನೋಡುವ ಕೆಲಸ ಕೊಡು. ಅವರು ಕೂಗಿದ ಕೂಡಲೇ ಕೈಯಲ್ಲಿದ್ದದ್ದು ಬಿಟ್ಟು ಎಲ್ಲರೂ ಚಾಪೆ ಎತ್ತಬೇಕು. ಒದ್ದೆ ಹಪ್ಪಳ ಒಂದರ ಮೇಲೊಂದು ಬಿದ್ದರೆ ಮರುದಿನವೇ ಬೂಷ್ಟು. ಬಿಸಿಲು ಹೋದರೆ ಒಳಗೆ ಫ್ಯಾನಿನಡಿ ಬಿಡಿಬಿಡಿಯಾಗಿ ಹರಡಿ. ಮೇಲ್ಮೈ ಒಣಗಿದ ಮೇಲೆ ಮಗುಚಬೇಕು. ಎರಡು ಮೂರು ಒಳ್ಳೆಯ ಬಿಸಿಲಾದರೆ ಪಟ್ ಅಂತ ಮುರಿಯುತ್ತದೆ. ನಮ್ಮ ತುಳುನಾಡಿನ ಜಾತ್ರೆ, ಕೋಲಗಳೆಲ್ಲ ಮುಗಿಯುವ ಪತ್ತನಾಜೆಯ ಒಳಗೆ ಮುಗಿಸಿ. ಅದು ಬರುವುದು ಮೇ 24ರ ಸುಮಾರಿಗೆ, ಆಮೇಲಿನ ಬಿಸಿಲನ್ನು ನಂಬುವ ಹಾಗಿಲ್ಲ.

25ರ ಕಟ್ಟು ಮಾಡಿ, ಎಲ್ಲರೆದುರು ಎಣಿಸಿ ಪಾಲು ಮಾಡು. ಹಲಸಿನ ಬೇಳೆ (ಬೀಜ) ಅಮ್ಮನಿಗೆ ಬಿಡು, ಮಳೆಗಾಲದ ಸಾರಿಗಾಗುತ್ತದೆ.

ಇನ್ನೊಂದು, ಯಾರೂ ಕೇಳಿ ತೆಗೆದುಕೊಳ್ಳದ ಕೆಲಸ: ಮೇಣ ಹಿಡಿದ ಕತ್ತಿ, ಪಾತ್ರೆ. ಮೊದಲು ಎಣ್ಣೆ ಉಜ್ಜಿ, ಹಳೆ ಪೇಪರಿನಲ್ಲಿ ಒರೆಸಿ, ಆಮೇಲೆ ಸಾಬೂನು. ನೇರ ನೀರಿಗೆ ಹಾಕಿದರೆ ಬಿಡುವುದಿಲ್ಲ. ಅದನ್ನು ನಿನ್ನ ಹೆಸರಿಗೇ ಬರೆದುಕೋ.

ಇಂತು,
ದೊಡ್ಡಮ್ಮ