ಬೈಪಾಸ್ ಕಥೆ ಹುಬ್ಬಳ್ಳಿಯವರಿಗೆ ಹೊಸದಾ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುಸ್ತಕ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಕಾದಂಬರಿ ಬರುತ್ತದೆ, ವಿಮರ್ಶೆ ಬರುತ್ತದೆ, ಅಭಿನಂದನ ಗ್ರಂಥ ಬರುತ್ತದೆ, ಕವನ ಸಂಕಲನವಂತೂ ಒಂದು ವಾರವೂ ತಪ್ಪುವುದಿಲ್ಲ. ಆದರೆ ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ ಅಂತ ಅಲ್ಲಿ ಯಾರಾದರೂ ಬರೆದದ್ದು ನೆನಪಿಲ್ಲ. ವೈಜ್ಞಾನಿಕ ಕಥೆಗಳ ಪಾಡೂ ಅಷ್ಟೇ, ಅವು ಮಕ್ಕಳ ಪುರವಣಿಗೆ ಹೋಗಿಬಿಡುತ್ತವೆ. ಇನ್ನು ನಗಿಸುವ ವೈಜ್ಞಾನಿಕ ಕಾದಂಬರಿಗೆ ಯಾವ ಪುಟದಲ್ಲೂ ಜಾಗ ಇಲ್ಲ. ಈ ಬಗ್ಗೆ ಸ್ವಲ್ಪ ಜಗಳ ಮಾಡೋಣ ಅಂತ ಬರೆಯುತ್ತಿದ್ದೇನೆ.

ನಾನು ಅಮರಗೋಳದ ಎಪಿಎಂಸಿಯಲ್ಲಿ ದಲಾಲಿ ಅಂಗಡಿಗಳ ಲೆಕ್ಕ ಬರೆಯುವವನು. ನನ್ನ ಗೆಳೆಯನದು ಮೋಟಾರ್ ರಿವೈಂಡಿಂಗ್ ಅಂಗಡಿ. ಇಬ್ಬರೂ ಸೇರಿ ಈಚೆಗೆ ಒಂದು ಪುಸ್ತಕ ಮುಗಿಸಿದೆವು. ಡಗ್ಲಸ್ ಆಡಮ್ಸ್ ಬರೆದ 'ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ', 1979ರಲ್ಲಿ ಬಂದದ್ದು. ನನ್ನ ಮಗಳು ಬೆಂಗಳೂರಿನಿಂದ ತಂದು ಬಿಟ್ಟುಹೋಗಿದ್ದಳು. ಗೆಳೆಯನಿಗೆ ಇಂಗ್ಲಿಷ್ ಪುಸ್ತಕ ಅಂದರೆ ಅಷ್ಟಕ್ಕಷ್ಟೇ. ಹಾಗಾಗಿ ಸಂಜೆ ಅಂಗಡಿಯ ಶಟರ್ ಅರ್ಧ ಎಳೆದ ಮೇಲೆ ನಾನು ಒಂದೆರಡು ಪುಟ ಓದಿ ನಮ್ಮ ಮಾತಿನಲ್ಲಿ ಹೇಳುವುದು, ಅವನು ಅದಕ್ಕೆ ತನ್ನದೊಂದು ಸೇರಿಸುವುದು, ಹೀಗೆ ನಡೆಯಿತು. ಎಷ್ಟೋ ಸಲ ಅವನು ಸೇರಿಸಿದ್ದೇ ಜಾಸ್ತಿ ಇರುತ್ತಿತ್ತು.

ಕಥೆಯ ಶುರುವೇ ಬೈಪಾಸ್. ಆರ್ಥರ್ ಡೆಂಟ್ ಅಂತ ಒಬ್ಬ ಪಾಪದ ಮನುಷ್ಯ. ಬೆಳಿಗ್ಗೆ ಎದ್ದು ನೋಡಿದರೆ ಮನೆ ಮುಂದೆ ಬುಲ್ಡೋಜರ್ ನಿಂತಿದೆ. ಬೈಪಾಸ್ ಮಾಡಬೇಕು, ಅದಕ್ಕೆ ಮನೆ ಕೆಡವಬೇಕು. ಅವನು ಮೈಮೇಲಿದ್ದ ಬಟ್ಟೆಯಲ್ಲೇ ಹೋಗಿ ಬುಲ್ಡೋಜರ್ ಮುಂದೆ ಕೆಸರಿನಲ್ಲಿ ಅಡ್ಡ ಮಲಗುತ್ತಾನೆ. ಬಂದ ಅಧಿಕಾರಿ ಹೇಳುವುದೇನು ಗೊತ್ತಾ? ನಕ್ಷೆ ಒಂಬತ್ತು ತಿಂಗಳಿಂದ ಕಚೇರಿಯಲ್ಲೇ ಇತ್ತು, ತಕರಾರಿದ್ದರೆ ಆಗಲೇ ಹೇಳಬೇಕಿತ್ತು ಅಂತ. ಹೌದು, ಇತ್ತು. ಎಲ್ಲಿ? ನೆಲಮಾಳಿಗೆಯಲ್ಲಿ. ಅಲ್ಲಿ ದೀಪ ಇಲ್ಲ, ಮೆಟ್ಟಿಲೂ ಇಲ್ಲ. ಬಳಕೆಯಲ್ಲಿಲ್ಲದ ಒಂದು ಪಾಯಖಾನೆ, ಅದರೊಳಗೆ ಬೀಗ ಹಾಕಿದ ಒಂದು ಕಪಾಟು, ಆ ಕಪಾಟಿನ ತಳದಲ್ಲಿ ನಕ್ಷೆ. ಬಾಗಿಲ ಮೇಲೆ 'ಚಿರತೆ ಇದೆ, ಎಚ್ಚರಿಕೆ' ಅಂತ ಫಲಕ ಬೇರೆ.

ಗೆಳೆಯ ಒಂದು ನಿಮಿಷ ಸುಮ್ಮನೆ ಕೂತಿದ್ದ. ಆಮೇಲೆ ಕೇಳಿದ: 'ಲೇ, ಇಂವ ನಮ್ಮೂರಾಗ ಇದ್ದು ಹೋಗ್ಯಾನೇನು?'

ಯಾಕೆ ಅಂದರೆ, ರಸ್ತೆ ಅಗಲ ಮಾಡುವಾಗ ಅವನ ಅಂಗಡಿಯ ಮುಂಭಾಗ ಹೋಗಿದೆ. ವಿಷಯ ಅವನಿಗೆ ಗೊತ್ತಾದದ್ದೇ ಯಾರೋ ಬಂದು ಕಂಬಕ್ಕೆ ಕೆಂಪು ಬಣ್ಣದ ಗೆರೆ ಎಳೆದು ಹೋದಾಗ. ನೋಟಿಸು ಎಲ್ಲಿತ್ತು ಅಂತ ವಿಚಾರಿಸಿದರೆ, ಯಾವುದೋ ಕಚೇರಿಯ ಹಿಂದಿನ ಗೋಡೆಗೆ ಅಂಟಿಸಿದ್ದರಂತೆ, ಅದರ ಮುಂದೆ ಸಾಲಾಗಿ ಬೈಕು ನಿಲ್ಲಿಸಿದ್ದರಂತೆ. ಚಿರತೆಯ ಫಲಕ ಬಂದಾಗಂತೂ ಓದು ಅಲ್ಲಿಗೇ ನಿಂತಿತು. 2021ರಲ್ಲಿ ನಮ್ಮ ನೃಪತುಂಗ ಬೆಟ್ಟದ ಹತ್ತಿರ ಚಿರತೆ ಕಾಣಿಸಿತು ಅಂತ ಸುದ್ದಿಯಾಗಿ ಜನ ಬೆಳಗಿನ ವಾಕಿಂಗ್‌ಗೆ ಹೆದರಿದ್ದು ಇಡೀ ಊರಿಗೆ ಗೊತ್ತು. 'ನನ್ನ ನಕ್ಷಾನೂ ಆ ಗುಡ್ಡದ ಮ್ಯಾಲೇ ಇಟ್ಟಿರಬೇಕು, ಅದನ್ನ ಕಾಯಾಕ ಬಂದಿತ್ತು ಆ ಚಿರತಿ' ಅಂದ. ಆವತ್ತು ಮುಂದೆ ಓದಲಿಕ್ಕೆ ಆಗಲಿಲ್ಲ, ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ಪಕ್ಕದ ಚಹಾದಂಗಡಿಯವನು ಬಂದು ಶಟರ್ ಕೆಳಗಿಂದ ಬಗ್ಗಿ ನೋಡಿ ಹೋದ.

ಬೈಪಾಸ್ ಬೇಡ ಅನ್ನುವವರಲ್ಲ ನಾವು. ಗಬ್ಬೂರಿನಿಂದ ನರೇಂದ್ರದವರೆಗೆ ಸುಮಾರು 30 ಕಿಲೋಮೀಟರ್ ಉದ್ದದ ನಮ್ಮ ಬೈಪಾಸ್ ಎರಡೇ ಲೇನ್ ಇದ್ದಾಗ ಅಲ್ಲಿ ಎಷ್ಟು ಜೀವ ಹೋದವು ಅಂತ ನಿಮ್ಮ ಪತ್ರಿಕೆಯೇ ಬರೆದಿದೆ. ರಸ್ತೆ ಬೇಕು. ಕೆಡವುವ ಮುಂಚೆ ಮನುಷ್ಯನಿಗೆ ಮುಖ ಕೊಟ್ಟು ಒಂದು ಮಾತು ಹೇಳುವುದೂ ಬೇಕು, ಅಷ್ಟೇ. ಇದನ್ನು ಮನವಿಪತ್ರದಲ್ಲಿ ಬರೆದರೆ ಯಾರೂ ಓದುವುದಿಲ್ಲ. ನಗಿಸುತ್ತಾ ಬರೆದ ಆಡಮ್ಸ್‌ನನ್ನು ಜನ ಇವತ್ತಿಗೂ ಓದುತ್ತಿದ್ದಾರೆ.

ಮುಂದೆ ಏನಾಗುತ್ತದೆ ಅಂದರೆ, ಅದೇ ದಿನ ಭೂಮಿಯನ್ನೇ ಕೆಡವಲು ಆಕಾಶದಲ್ಲಿ ವೋಗನ್ ಅನ್ನುವವರ ಹಡಗುಗಳು ಬಂದು ನಿಲ್ಲುತ್ತವೆ. ಕಾರಣ ಅದೇ, ಅಂತರಿಕ್ಷದಲ್ಲೊಂದು ಬೈಪಾಸ್. ಅವರ ಸಬೂಬೂ ಅದೇ. ನಕ್ಷೆ ಮತ್ತು ಆದೇಶ ಆಲ್ಫಾ ಸೆಂಟಾರಿಯ ಕಚೇರಿಯಲ್ಲಿ 50 ವರ್ಷದಿಂದ ಇತ್ತು, ಈಗ ಗಲಾಟೆ ಮಾಡಿದರೆ ಹೇಗೆ ಅಂತ. ಇಲ್ಲಿ ನನ್ನ ಲೆಕ್ಕದ ಬುದ್ಧಿ ಸುಮ್ಮನಿರಲಿಲ್ಲ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರಗಳು ಆಲ್ಫಾ ಸೆಂಟಾರಿಯವೇ. ಆದರೂ ಅಲ್ಲಿಂದ ಬೆಳಕು ಬರಲಿಕ್ಕೇ 4 ವರ್ಷದ ಮೇಲೆ ಬೇಕು. 1977ರಲ್ಲಿ ಹಾರಿದ ವಾಯೇಜರ್ 1 ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಹೋಗುತ್ತಿದೆ. ಅದು ಆ ದಿಕ್ಕಿಗೆ ಹೋಗುತ್ತಿಲ್ಲ, ಆ ಮಾತು ಬೇರೆ. ಹೋದರೂ ಆ ವೇಗದಲ್ಲಿ ಮುಟ್ಟಲು 70,000 ವರ್ಷದ ಮೇಲೆ ಆಗುತ್ತದೆ. ಅಂದರೆ ತಕರಾರು ಅರ್ಜಿ ಹಿಡಿದುಕೊಂಡು ಹೊರಟವನ ಗತಿ ಏನು, ನೀವೇ ಹೇಳಿ. ಗೆಳೆಯ ಕೇಳಿದ ಪ್ರಶ್ನೆ ಇನ್ನೂ ಚೆನ್ನಾಗಿತ್ತು: ಅಷ್ಟು ದೂರ ಹೋದ ಮೇಲೆ ಸಾಹೇಬರು ಊಟಕ್ಕೆ ಹೋಗಿದ್ದರೆ?

ವೈಜ್ಞಾನಿಕ ಹಾಸ್ಯ ಮಕ್ಕಳಾಟ ಅಲ್ಲ ಅಂತ ನಾನು ಹೇಳುವುದು ಇದಕ್ಕೇ. ಆ ದೂರ ಎಷ್ಟು ಅಂತ ಗೊತ್ತಿದ್ದರೆ ಮಾತ್ರ ಈ ಜೋಕು ಪೂರ್ತಿ ಸಿಗುತ್ತದೆ. ನಗಬೇಕು ಅಂದರೆ ಲೆಕ್ಕ ಹಾಕಬೇಕು. ಬೆಳಕು ಒಂದು ವರ್ಷದಲ್ಲಿ ಹೋಗುವ ದೂರವೇ ಜ್ಯೋತಿರ್ವರ್ಷ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ನನ್ನ ಗೆಳೆಯನಿಗೆ ಅದು ಎಷ್ಟು ದೂರ ಅಂತ ತಲೆಗೆ ಹೋದದ್ದು ಅಂಗಡಿಯ ಮುಂಭಾಗ ಕಳೆದುಕೊಂಡವನ ಸಿಟ್ಟಿನ ಮೂಲಕ.

ಇಬ್ಬರು ಕೂತು ಓದುವುದು ನಮ್ಮ ಕಡೆ ಹೊಸದೇನೂ ಅಲ್ಲ. ಕುಮಾರವ್ಯಾಸ ಇಲ್ಲೇ ಕೋಳಿವಾಡದವನು, ಗದುಗಿನ ವೀರನಾರಾಯಣ ಗುಡಿಯಲ್ಲಿ ಕೂತು ಭಾರತ ಬರೆದ ಅಂತ ನಂಬಿಕೆ. ಆ ಭಾರತವನ್ನು ಗಮಕದಲ್ಲಿ ಒಬ್ಬರು ವಾಚನ ಮಾಡುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ವ್ಯಾಖ್ಯಾನ ಮಾಡುವವರು ಜೋರಿದ್ದರೆ ಉತ್ತರಕುಮಾರ ಎದ್ದು ಬಂದು ನಮ್ಮ ಓಣಿಯ ಚುನಾವಣೆಗೇ ನಿಂತ ಹಾಗೆ ಆಗುತ್ತದೆ. ನಮ್ಮ ಶಟರ್ ಹಿಂದೆ ನಡೆದದ್ದೂ ಅದೇ, ವಾಚನ ನನ್ನದು, ವ್ಯಾಖ್ಯಾನ ಅವನದು. ಒಬ್ಬನೇ ಓದುವಾಗ ಜೋಕು ಬಂದರೆ ಮೂಗಿನಲ್ಲೇ ನಕ್ಕು ಮುಂದಿನ ಪುಟಕ್ಕೆ ಹೋಗುತ್ತೇವೆ. ಎದುರಿಗೆ ಒಬ್ಬ ಇದ್ದರೆ ಅದೇ ಜೋಕು ಅರ್ಧ ಗಂಟೆ ಓಡುತ್ತದೆ. ಗಂಭೀರ ಕಾದಂಬರಿಯನ್ನು ಒಬ್ಬರೇ ಓದಿಕೊಳ್ಳಿ, ತೊಂದರೆ ಇಲ್ಲ. ನಗೆ ಪುಸ್ತಕಕ್ಕೆ ಜೊತೆ ಬೇಕೇ ಬೇಕು.

ವೋಗನ್ನರ ಕಾವ್ಯದ ಬಗ್ಗೆ ಹೇಳದಿದ್ದರೆ ಧಾರವಾಡದವರಿಗೆ ಅನ್ಯಾಯ ಮಾಡಿದ ಹಾಗೆ. ಇಡೀ ಬ್ರಹ್ಮಾಂಡದ ಕೆಟ್ಟ ಕಾವ್ಯಗಳಲ್ಲಿ ಅವರದಕ್ಕೆ ಮೂರನೇ ಸ್ಥಾನವಂತೆ. ಸಿಕ್ಕಿಬಿದ್ದವರನ್ನು ಕುರ್ಚಿಗೆ ಕಟ್ಟಿ ಕವನ ಕೇಳಿಸುತ್ತಾರೆ. ಭೂಮಿ ಹೋಗುವ ಮುಂಚೆ ಅವರ ಹಡಗನ್ನೇ ಕದ್ದು ಹತ್ತಿದ್ದ ಆರ್ಥರ್ ಜೀವ ಉಳಿಸಿಕೊಳ್ಳಲು ದೊಡ್ಡ ವಿಮರ್ಶಕನ ಹಾಗೆ, ರೂಪಕ ಅಂತೆ, ಲಯ ಅಂತೆ, ಬಾಯಿಗೆ ಬಂದದ್ದೆಲ್ಲ ಹೇಳಿ ಹೊಗಳುತ್ತಾನೆ. ಆದರೂ ಹೊರಗೆ ಎಸೆಯುತ್ತಾರೆ. ಧಾರವಾಡದಲ್ಲಿ ಕಲ್ಲು ಎಸೆದರೆ ಸಾಹಿತಿಯ ಮನೆ ಮೇಲೇ ಬೀಳುತ್ತದೆ ಅಂತ ಮಾತಿದೆಯಲ್ಲ, ಗೆಳೆಯನ ಪ್ರಕಾರ ಅದು ಹೊಗಳಿಕೆಯಲ್ಲ, ಕವಿಗೋಷ್ಠಿಯಿಂದ ತಪ್ಪಿಸಿಕೊಂಡು ಬಂದವರು ಸಿಟ್ಟಿನಿಂದ ಎಸೆದ ಕಲ್ಲು. ಈ ಅಭಿಪ್ರಾಯ ಅವನದು, ನನ್ನದಲ್ಲ. ನನಗೆ ಬೇಂದ್ರೆಯವರ ಸಾಧನಕೇರಿ ಕಡೆ ಓಡಾಡುವುದಿದೆ.

ಇನ್ನು ವಲ್ಲಿ, ಅಂದರೆ ನಮ್ಮ ಕಡೆ ಹೆಗಲ ಮೇಲೆ ಹಾಕಿಕೊಳ್ಳುವ ಟವೆಲ್. ಅಂತರಿಕ್ಷದಲ್ಲಿ ತಿರುಗುವವನ ಹತ್ತಿರ ಏನಿಲ್ಲದಿದ್ದರೂ ಒಂದು ಟವೆಲ್ ಇರಬೇಕು ಅಂತ ಆ ಪುಸ್ತಕದಲ್ಲಿ ಒಂದು ದೊಡ್ಡ ವಿವರಣೆಯೇ ಇದೆ. ಹೊದ್ದುಕೊಳ್ಳಲಿಕ್ಕೆ, ಹಾಸಿಕೊಳ್ಳಲಿಕ್ಕೆ, ಮುಖಕ್ಕೆ ಸುತ್ತಿಕೊಳ್ಳಲಿಕ್ಕೆ, ಹೊಡೆದಾಡಲಿಕ್ಕೆ. ಆಡಮ್ಸ್ 2001ರ ಮೇ 11ರಂದು ತೀರಿಕೊಂಡ ಮೇಲೆ ಅವನ ಅಭಿಮಾನಿಗಳು ಅದೇ ತಿಂಗಳ 25ರಂದು ಟವೆಲ್ ದಿನ ಮಾಡಿದರು, ಈಗಲೂ ವರ್ಷ ವರ್ಷ ಮಾಡುತ್ತಾರೆ, ಟವೆಲ್ ಹಿಡಿದುಕೊಂಡು ಊರೆಲ್ಲ ಓಡಾಡುತ್ತಾರೆ. ಇದನ್ನು ಓದಿದಾಗ ಗೆಳೆಯನಿಗೆ ಭಾರಿ ಸಮಾಧಾನ ಆಯಿತು. ಅವನ ಅಪ್ಪನ ಹೆಗಲ ಮೇಲೆ ವಲ್ಲಿ ಇಲ್ಲದ ದಿನವೇ ಇರಲಿಲ್ಲ. ಬೆವರು ಒರೆಸುವುದು, ಬಿಸಿಲಿಗೆ ತಲೆಗೆ ಸುತ್ತುವುದು, ಸಂತೆಯಿಂದ ಮೆಣಸಿನಕಾಯಿ ಕಟ್ಟಿ ತರುವುದು, ನೆಲ ಝಾಡಿಸಿ ಕೂರುವುದು ಎಲ್ಲ ಅದರಲ್ಲೇ. ಎಲ್ಲಕ್ಕಿಂತ ದೊಡ್ಡ ಉಪಯೋಗ ಆಡಮ್ಸ್‌ಗೂ ಹೊಳೆದಿಲ್ಲ: ತುಂಬಿದ ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ವಲ್ಲಿ ಒಗೆದು ಸೀಟು ಹಿಡಿಯುವುದು. ಗದಗ ಬಸ್ಸಿನಲ್ಲಿ ವಲ್ಲಿ ಬಿದ್ದ ಸೀಟನ್ನು ಯಾವ ವೋಗನ್ನನೂ ಕೆಡವಲಾರ.

ಗೆಳೆಯ ಯಂತ್ರ ರಿಪೇರಿ ಮಾಡುವವನು, ಹಾಗಾಗಿ ಯಂತ್ರಗಳ ಭಾಗವನ್ನು ಎರಡು ಸಲ ಓದಿಸಿದ. ಅಲ್ಲಿ ಬಾಗಿಲುಗಳಿಗೂ ಸ್ವಭಾವ ಇಟ್ಟಿರುತ್ತಾರೆ. ತೆರೆದುಕೊಳ್ಳುವಾಗ ಖುಷಿಯಿಂದ ನಿಟ್ಟುಸಿರು ಬಿಡುತ್ತವೆ. ಬಾಗಿಲು ಸರಿಯಾಗಿ ಹಾಕಿ ಅಂತ ಹಾಡಿನ ಸಮೇತ ಗೋಗರೆಯುವ ನಮ್ಮ ಅಪಾರ್ಟ್‌ಮೆಂಟ್ ಲಿಫ್ಟುಗಳನ್ನು ಕೇಳಿದವರಿಗೆ ಇದು ಕಲ್ಪನೆ ಅನ್ನಿಸುವುದೇ ಇಲ್ಲ. ಮಾರ್ವಿನ್ ಅನ್ನುವ ರೋಬೋ ಇನ್ನೂ ಮಜಾ. ಒಂದು ಗ್ರಹದಷ್ಟು ದೊಡ್ಡ ಮಿದುಳು ಅವನಿಗೆ, ಕೊಡುವ ಕೆಲಸ ಮಾತ್ರ ಬಂದವರನ್ನು ಒಳಗೆ ಕರೆದುಕೊಂಡು ಬಾ ಅನ್ನುವುದು. ಸದಾ ಜೋಲುಮುಖ. ಇಂಜಿನಿಯರಿಂಗ್ ಓದಿ ರಿಸೆಪ್ಶನ್ನಿನಲ್ಲಿ ಕೂತ ಹುಡುಗರು ನಮ್ಮಿಬ್ಬರ ಮನೆ ಕಡೆಯೂ ಇದ್ದಾರೆ, ಅಲ್ಲಿ ನಾವು ಸ್ವಲ್ಪ ಕಡಿಮೆ ನಕ್ಕೆವು.

42ರ ವಿಷಯ ಬಹಳ ಜನಕ್ಕೆ ಗೊತ್ತಿರಬಹುದು. ಬದುಕಿಗೆ, ವಿಶ್ವಕ್ಕೆ, ಎಲ್ಲಕ್ಕೂ ಒಂದು ಉತ್ತರ ಕೊಡು ಅಂತ ಒಂದು ಮಹಾ ಕಂಪ್ಯೂಟರನ್ನು ಕೇಳುತ್ತಾರೆ. ಅದು 75 ಲಕ್ಷ ವರ್ಷ ಯೋಚಿಸಿ 42 ಅನ್ನುತ್ತದೆ. ಪ್ರಶ್ನೆ ಏನು ಅಂತ ಸರಿಯಾಗಿ ಗೊತ್ತಿಲ್ಲದೆ ಉತ್ತರ ಕೇಳಿದರೆ ಇಷ್ಟೇ. ಈ 42ರೊಳಗೆ ದೊಡ್ಡ ಗುಟ್ಟಿದೆ ಅಂತ ಹುಡುಕಿದವರಿಗೆ ಲೆಕ್ಕವಿಲ್ಲ. ಸುಮ್ನೆ ಒಂದು ಸಾಧಾರಣ ಸಂಖ್ಯೆ ಬೇಕಿತ್ತು, ಹೊಳೆಯಿತು, ಬರೆದೆ ಅಂತ ಆಡಮ್ಸ್ ಹೇಳಿಬಿಟ್ಟ. ಈಗ ಫೋನಿಗೆ ಏನು ಕೇಳಿದರೂ ಅದು ಅನುಮಾನವೇ ಇಲ್ಲದೆ ಉತ್ತರ ಕೊಡುತ್ತದೆ, ಅಲ್ವಾ? ಹುಡುಗರಿಗೆ ಆ ಅಧ್ಯಾಯವನ್ನಾದರೂ ಓದಿಸಬೇಕು.

ಪುಸ್ತಕದಲ್ಲಿ ಕೊರತೆ ಇಲ್ಲ ಅಂತಲ್ಲ. ಮೊದಲರ್ಧದ ಜೋರು ಆಮೇಲೆ ಇಲ್ಲ. ಟ್ರಿಲಿಯನ್ ಅನ್ನುವ ಒಬ್ಬಳೇ ಹೆಣ್ಣುಮಗಳು, ಬುದ್ಧಿವಂತೆ ಅಂತ ಹೇಳುತ್ತಾರೆಯೇ ಹೊರತು ಅವಳಿಗೆ ಕೆಲಸವನ್ನೇ ಕೊಟ್ಟಿಲ್ಲ. ಕಥೆ ನಡುರಸ್ತೆಯಲ್ಲಿ ಬಸ್ಸಿಂದ ಇಳಿಸಿದಂತೆ ನಿಂತುಬಿಡುತ್ತದೆ. ಗೆಳೆಯ 'ಉಳಿದ ಪುಟ ಯಾರು ಹರಿದ್ರು?' ಅಂತ ಪುಸ್ತಕ ಇಸಿದುಕೊಂಡು ನೋಡಿದ.

ಈಗ ಜಗಳದ ಭಾಗಕ್ಕೆ ಬರುತ್ತೇನೆ. ಹಾಸ್ಯ ಮತ್ತು ತಿಳಿವಳಿಕೆ ಎರಡನ್ನೂ ಒಟ್ಟಿಗೆ ಕೊಡುವುದು ಈ ಊರಿಗೆ ಗೊತ್ತಿದ್ದ ವಿದ್ಯೆ. 1956ರಲ್ಲಿ ಹುಬ್ಬಳ್ಳಿಯಿಂದ ಶುರುವಾದ 'ಕಸ್ತೂರಿ' ಮಾಸಪತ್ರಿಕೆ ತಿಂಗಳಿಗೊಂದು ಪುಸ್ತಕವನ್ನು ಸಂಕ್ಷೇಪಿಸಿ ಕೊಡುತ್ತಿತ್ತು. ದೇಶವಿದೇಶದ ಪುಸ್ತಕಗಳು ಹಳ್ಳಿಯ ಮನೆಗೂ ಬಂದದ್ದು ಆ ಪುಸ್ತಕ ವಿಭಾಗದಿಂದ. ಅದರ ಸಂಪಾದಕರಾಗಿದ್ದ ಪಾ.ವೆಂ. ಆಚಾರ್ಯರು ಲಾಂಗೂಲಾಚಾರ್ಯ ಅನ್ನುವ ಹೆಸರಿನಲ್ಲಿ ಹರಟೆಯನ್ನೂ ಬರೆಯುತ್ತಿದ್ದರು. ಕನ್ನಡದಲ್ಲಿ ವೈಜ್ಞಾನಿಕ ಕಾದಂಬರಿ ಬರೆದ ರಾಜಶೇಖರ ಭೂಸನೂರಮಠ ಅಂಥವರೂ ಇದ್ದರು. ಎರಡೂ ಇದ್ದವು, ಎರಡೂ ಒಂದೇ ಪುಸ್ತಕದಲ್ಲಿ ಸೇರಿದ್ದು ಮಾತ್ರ ಕಡಿಮೆ. ಸಾಮಗ್ರಿಗೆ ಬರವಿಲ್ಲ. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ, 2023ರಲ್ಲಿ ಜಗತ್ತಿನಲ್ಲೇ ಉದ್ದದ್ದು ಅಂತ ಉದ್ಘಾಟನೆ ಆಯಿತು. ಬೋಗಿ ಆ ತುದಿಗೆ ಬಂದರೆ ಬ್ಯಾಗು ಹೊತ್ತುಕೊಂಡು ಓಡುವವನಿಗೆ ಬೇರೆ ಗ್ರಹವೇ ಬೇಕಾಗಿಲ್ಲ.

ನಾನು ಕೇಳುವುದು ಎರಡೇ. ಒಂದು, ಪುಸ್ತಕ ಪುಟದಲ್ಲಿ ತಿಂಗಳಿಗೊಮ್ಮೆಯಾದರೂ ನಗೆ ಪುಸ್ತಕಕ್ಕೆ, ಅದರಲ್ಲೂ ವಿಜ್ಞಾನ ಇಟ್ಟುಕೊಂಡು ನಗಿಸುವ ಪುಸ್ತಕಕ್ಕೆ ಜಾಗ ಕೊಡಿ. ವಿಮರ್ಶೆಯನ್ನು ಪ್ರೊಫೆಸರರಿಂದಲೇ ಬರೆಸಬೇಕು ಅಂತಿಲ್ಲ, ಓದಿ ನಕ್ಕವರಿಂದ ಬರೆಸಿ. ಎರಡು, ಇಲ್ಲಿಯ ಹುಡುಗ ಹುಡುಗಿಯರಿಂದ, ಇಲ್ಲಿಯ ಮಾತಿನಲ್ಲೇ, ಇಂಥದ್ದೊಂದು ಧಾರಾವಾಹಿ ಬರೆಸಿ. ಭೂಮಿ ಕೆಡವಲು ಬಂದವರು ಮೊದಲು ಚನ್ನಮ್ಮ ಸರ್ಕಲ್ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳಲಿ, ಆಮೇಲೆ ನೋಡೋಣ. ಧಾರವಾಡ ಆಕಾಶವಾಣಿಯವರು ಈ ಪತ್ರ ಓದಿದರೆ ಅವರಿಗೂ ಒಂದು ಮಾತು: ಈ ಕಾದಂಬರಿ ಹುಟ್ಟಿದ್ದೇ ರೇಡಿಯೋದಲ್ಲಿ, 1978ರ ಮಾರ್ಚ್‌ನಲ್ಲಿ ಬಿಬಿಸಿಯ ನಾಟಕವಾಗಿ. ಪುಸ್ತಕ ಬಂದದ್ದು ಆಮೇಲೆ. 1950ರಿಂದ ನಾಟಕ ಕೇಳಿಸುತ್ತಾ ಬಂದ ನಿಲಯಕ್ಕೆ ಇದು ಆಗದ ಕೆಲಸವಲ್ಲ.

ಪತ್ರ ಉದ್ದವಾಯಿತು, ಗೊತ್ತು. ಜಾಗ ಸಾಲದಿದ್ದರೆ ಕವಿಗೋಷ್ಠಿಯ ಭಾಗ ಕತ್ತರಿಸಿ, ವಲ್ಲಿಯ ಭಾಗ ಮುಟ್ಟಬೇಡಿ ಅಂತ ಗೆಳೆಯ ಹೇಳಿ ಕಳಿಸಿದ್ದಾನೆ.

ಇಂತಿ ನಿಮ್ಮ ಓದುಗ,
ನವನಗರ, ಹುಬ್ಬಳ್ಳಿ